ಒಂದೇ ಕೆಂಪು, ಎರಡು ಬಣ್ಣ: ಪಟ್ಟೆಗಳ ಕಣ್ಕಟ್ಟು ಚಿತ್ರ ಬರೆಯುವ ಕ್ರಮ

ಒಂದೇ ಬಟ್ಟಲಲ್ಲಿ ಕಲಸಿದ ಕೆಂಪು. ಅದನ್ನೇ ಹಲಗೆಯ ಎಡಗಡೆಯ ಚೌಕದಲ್ಲಿ ಹಳದಿ ಪಟ್ಟೆಗಳ ನಡುವೆಯೂ ಬಲಗಡೆಯ ಚೌಕದಲ್ಲಿ ನೀಲಿ ಪಟ್ಟೆಗಳ ನಡುವೆಯೂ ಹಚ್ಚಿದ್ದಾಗಿದೆ. ಮೂರು ಮೀಟರ್ ಹಿಂದೆ ಸರಿದು ನೋಡಿದರೆ ಎಡಗಡೆಯದು ಕಿತ್ತಳೆ, ಬಲಗಡೆಯದು ಕೆನ್ನೇರಳೆ. ಮೂಗು ತಾಗುವಷ್ಟು ಹತ್ತಿರ ಹೋದರೆ ಮತ್ತೆ ಎರಡೂ ಒಂದೇ ಕೆಂಪು. ಜರ್ಮನಿಯ ಹಾನ್ಸ್ ಮುಂಕರ್ 1970ರಲ್ಲಿ ವಿವರಿಸಿದ ಈ ಕಣ್ಕಟ್ಟನ್ನು ಗೋಡೆಗೆ ತೂಗುಹಾಕುವಂಥ ಚಿತ್ರವಾಗಿ ಮಾಡುವ ಕ್ರಮ ಇಲ್ಲಿದೆ. ಚಿತ್ರ ಬರೆಯಲು ಬರುವುದಿಲ್ಲ ಎನ್ನುವವರೂ ಮಾಡಬಹುದು. ಬೇಕಾದ್ದು ಕೈಚಳಕವಲ್ಲ, ಸರಿಯಾದ ಅಳತೆ, ಸುಮಾರು 44 ಮೀಟರ್ ಟೇಪು ಮತ್ತು ಬಣ್ಣ ಒಣಗುವವರೆಗೆ ಕಾಯುವ ತಾಳ್ಮೆ.

ಹಲಗೆಗೆ ಕೈ ಹಾಕುವ ಮೊದಲು ಒಂದು ವಿಷಯ ಗೊತ್ತಿರಬೇಕು. ಅದು ತಿಳಿಯದೆ ಟೇಪು ಅಂಟಿಸಲು ಹೊರಟವರ ಚಿತ್ರ ಬರೀ ಪಟ್ಟೆಪಟ್ಟೆ ಜಮಖಾನವಾಗಿ ನಿಲ್ಲುತ್ತದೆ.

ನೆರೆಯ ಬಣ್ಣ ಯಾವಾಗ ದೂಡುತ್ತದೆ, ಯಾವಾಗ ಎಳೆದುಕೊಳ್ಳುತ್ತದೆ

ಮಿಶೆಲ್ ಯುಜೀನ್ ಶೆವ್ರಲ್ ಎಂಬ ರಸಾಯನ ವಿಜ್ಞಾನಿ 1824ರಲ್ಲಿ ಪ್ಯಾರಿಸ್ಸಿನ ಗೋಬೆಲಿನ್ ನೇಯ್ಗೆ ಕಾರ್ಖಾನೆಯ ಬಣ್ಣಗಾರಿಕೆ ವಿಭಾಗದ ಮುಖ್ಯಸ್ಥರಾದರು. ಇಲ್ಲಿ ಬಣ್ಣ ಕಟ್ಟಿದ ಕಪ್ಪು ನೂಲಿಗೆ ಕಪ್ಪೇ ಸಾಲದು ಎಂಬ ದೂರು ಅವರ ಮುಂದೆ ಬಂತು. ಪರೀಕ್ಷಿಸಿ ನೋಡಿದರೆ ಬಣ್ಣದಲ್ಲಿ ಏನೂ ಕೊರತೆಯಿಲ್ಲ. ಪಕ್ಕದಲ್ಲಿ ನೇಯ್ದ ನೀಲಿ ಮತ್ತು ನೇರಳೆ ನೂಲು ಕಪ್ಪನ್ನು ಮಂಕು ಮಾಡುತ್ತಿದ್ದವು. ಬಣ್ಣ ತನ್ನ ನೆರೆಯದನ್ನು ತನಗೆ ವಿರುದ್ಧವಾದ ದಿಕ್ಕಿಗೆ ದೂಡುತ್ತದೆ ಎಂಬ ನಿಯಮವನ್ನು ಅವರು 1839ರ ಪುಸ್ತಕದಲ್ಲಿ ವಿವರವಾಗಿ ಬರೆದರು. ಕೆಂಪಿನ ನಡುವೆ ಇಟ್ಟ ಬೂದು ತುಸು ಹಸಿರಾಗಿ ಕಾಣುತ್ತದೆ, ಹಸಿರಿನ ನಡುವೆ ಇಟ್ಟರೆ ತುಸು ಕೆಂಪಾಗಿ.

ಇದು ಅಗಲವಾದ ತುಂಡುಗಳ ಮಾತು. ತುಂಡು ಸಣ್ಣದಾಗುತ್ತಾ, ಗೆರೆಗಳು ಒತ್ತೊತ್ತಾಗುತ್ತಾ ಹೋದಂತೆ ಒಂದು ಹಂತದಲ್ಲಿ ನಿಯಮ ತಿರುವುಮುರುವಾಗುತ್ತದೆ. ನೆರೆಯ ಬಣ್ಣ ದೂಡುವ ಬದಲು ತನ್ನ ಕಡೆಗೇ ಎಳೆದುಕೊಳ್ಳುತ್ತದೆ. ಹಳದಿ ಗೆರೆಗಳ ನಡುವಿನ ಕೆಂಪು ಹಳದಿಯತ್ತ ವಾಲಿ ಕಿತ್ತಳೆಯಾಗುತ್ತದೆ, ನೀಲಿ ಗೆರೆಗಳ ನಡುವಿನ ಅದೇ ಕೆಂಪು ನೇರಳೆಯತ್ತ ಸರಿಯುತ್ತದೆ. 19ನೇ ಶತಮಾನದಲ್ಲಿ ಜರ್ಮನಿಯ ಭೌತವಿಜ್ಞಾನಿ ವಿಲ್‌ಹೆಲ್ಮ್ ಫಾನ್ ಬೆಜೋಲ್ಡ್ ಇದನ್ನು ರತ್ನಗಂಬಳಿಗಳ ವಿನ್ಯಾಸದಲ್ಲಿ ಗುರುತಿಸಿದರು. ಎಳೆಗಳಲ್ಲಿ ಒಂದೇ ಒಂದು ಬಣ್ಣ ಬದಲಿಸಿದರೂ ಇಡೀ ಗಂಬಳಿಯ ಬಣ್ಣವೇ ಬದಲಾದಂತೆ ಕಾಣುತ್ತದೆ. ಹಾಸಿಗೊಂದು ಬಣ್ಣ, ಹೊಕ್ಕಿಗೊಂದು ಬಣ್ಣ ಇಟ್ಟು ನೇಯ್ದ ಸೀರೆ ದೂರಕ್ಕೆ ಮೂರನೆಯದೇ ಬಣ್ಣವಾಗಿ ಕಾಣುತ್ತದಲ್ಲ, ಆ ಸಂಗತಿಗೂ ಇದಕ್ಕೂ ನೆಂಟಸ್ತಿಕೆಯಿದೆ.

ಹಾಗಾಗಿ ಈ ಬಗೆಯ ಚಿತ್ರದಲ್ಲಿ ಬಣ್ಣವನ್ನು ತೀರ್ಮಾನಿಸುವುದು ಟ್ಯೂಬಿನ ಮೇಲಿನ ಹೆಸರಿಗಿಂತ ಹೆಚ್ಚಾಗಿ ಪಟ್ಟೆಯ ಅಗಲ. ಮೂರು ಮೀಟರ್ ದೂರದಿಂದ ನೋಡುವ ಚಿತ್ರಕ್ಕೆ ಒಂದು ಒರಟು ಲೆಕ್ಕ ಹೀಗೆ: 1 ಸೆಂಮೀಗಿಂತ ಕಿರಿದಾದ ಪಟ್ಟೆಗಳು ಎಳೆದುಕೊಳ್ಳುತ್ತವೆ, 6–7 ಸೆಂಮೀಗಿಂತ ಅಗಲವಾದವು ದೂಡುತ್ತವೆ. ನಡುವಿನ ಅಳತೆಗಳಲ್ಲಿ ಎರಡೂ ಬಲಗಳು ಒಂದನ್ನೊಂದು ತಿಂದುಹಾಕಿ ಏನೂ ನಡೆಯದಂತಾಗುತ್ತದೆ. ಹೊಸಬರು ಆರಿಸಿಕೊಳ್ಳುವುದು ಸಾಮಾನ್ಯವಾಗಿ ಈ ನಡುವಿನ ಅಳತೆಯನ್ನೇ, ಏಕೆಂದರೆ ಎರಡು ಸೆಂಮೀ ಟೇಪು ಎಲ್ಲ ಅಂಗಡಿಯಲ್ಲೂ ಸಿಗುತ್ತದೆ.

ಮೊದಲು ಕಾಗದದಲ್ಲಿ

ಬಣ್ಣದ ಪಾಠಕ್ಕೆ ಕುಂಚಕ್ಕಿಂತ ಬಣ್ಣದ ಕಾಗದವೇ ಮೇಲು ಎಂಬುದು ಚಿತ್ರಕಾರರೂ ಕಲಾಶಿಕ್ಷಕರೂ ಆಗಿದ್ದ ಜೋಸೆಫ್ ಆಲ್ಬರ್ಸ್ ಅವರ ಕ್ರಮ. ಕಾಗದದಲ್ಲಿ ಕಲಸುವ ಗೋಜಿಲ್ಲ, ಒಂದೇ ಹಾಳೆಯ ಎರಡು ತುಂಡು ನಿಜವಾಗಿಯೂ ಒಂದೇ ಬಣ್ಣದವು ಎಂಬುದರಲ್ಲಿ ಅನುಮಾನವೂ ಇಲ್ಲ. ಸ್ಟೇಷನರಿ ಅಂಗಡಿಯ ಗ್ಲೇಜ್ ಪೇಪರ್ ಕಟ್ಟು ಸಾಕು. ಹೊಳಪಿಲ್ಲದ ಒರಿಗಾಮಿ ಕಾಗದ ಸಿಕ್ಕರೆ ಇನ್ನೂ ಒಳ್ಳೆಯದು.

ದೂಡುವುದನ್ನು ನೋಡಲು: 15 ಸೆಂಮೀ ಚೌಕದ ಒಂದು ತಿಳಿಹಳದಿ ಹಾಳೆ, ಅಷ್ಟೇ ಅಳತೆಯ ಒಂದು ಗಾಢ ನೇರಳೆ ಹಾಳೆ. ಎರಡನ್ನೂ ಅಂಚಿಗೆ ಅಂಚು ತಾಗಿಸಿಡಿ. ಮಂಕು ಮಣ್ಣುಬಣ್ಣದ ಒಂದೇ ಹಾಳೆಯಿಂದ 2 ಸೆಂಮೀ ಚೌಕದ ಎರಡು ತುಂಡು ಕತ್ತರಿಸಿ ಒಂದೊಂದರ ನಡುವೆ ಇಡಿ. ಹಳದಿಯ ಮೇಲಿನದು ಕಪ್ಪಿಟ್ಟಂತೆ, ನೇರಳೆಯ ಮೇಲಿನದು ಬೆಳಗಿದಂತೆ ಕಾಣಬೇಕು. ವ್ಯತ್ಯಾಸ ಕಾಣದಿದ್ದರೆ ತುಂಡು ದೊಡ್ಡದಾಯಿತು ಅಥವಾ ಅದರ ಬಣ್ಣ ತೀರಾ ಗಾಢವಾಯಿತು ಎಂದರ್ಥ. ಮಂಕಾದ, ಮಧ್ಯಮ ಟೋನಿನ ಬಣ್ಣಗಳು ಬೇಗ ಮಣಿಯುತ್ತವೆ. ಕಡು ಕೆಂಪು, ಕಡು ನೀಲಿ ಹಟಮಾರಿಗಳು. ಟೋನ್ ಎಂದರೆ ಬಣ್ಣ ಯಾವುದೇ ಇರಲಿ, ಅದು ಎಷ್ಟು ತಿಳಿ, ಎಷ್ಟು ಗಾಢ ಎಂಬ ಲೆಕ್ಕ.

ಎಳೆದುಕೊಳ್ಳುವುದನ್ನು ನೋಡಲು: ಹಳದಿ, ನೀಲಿ, ಕೆಂಪು ಕಾಗದವನ್ನು 6 ಮಿಮೀ ಅಗಲದ ಪಟ್ಟಿಗಳಾಗಿ ಕತ್ತರಿಸಿ. ಕತ್ತರಿ ಬೇಡ, ಸ್ಟೀಲ್ ಸ್ಕೇಲು ಮತ್ತು ಕಟ್ಟರ್ ಬಳಸಿ. ಬಿಳಿ ರಟ್ಟಿನ ಮೇಲೆ ಒಂದು ಕಡೆ ಹಳದಿ, ಕೆಂಪು, ಹಳದಿ, ಕೆಂಪು ಎಂದು ಹನ್ನೆರಡು ಪಟ್ಟಿ, ಇನ್ನೊಂದು ಕಡೆ ನೀಲಿ, ಕೆಂಪು, ನೀಲಿ, ಕೆಂಪು ಎಂದು ಹನ್ನೆರಡು ಪಟ್ಟಿ ಅಂಟಿಸಿ ಗೋಡೆಗೆ ಸಿಕ್ಕಿಸಿ ಹಿಂದೆ ಸರಿಯಿರಿ. ಇದು ಅರ್ಧ ಗಂಟೆಯ ಕೆಲಸ. ನಾಲ್ಕು ದಿನದ ಕೆಲಸ ಹಾಳಾಗುವುದನ್ನು ಈ ಅರ್ಧ ಗಂಟೆ ಉಳಿಸುತ್ತದೆ. ಕೆಂಪು ಸರಿಯಿಲ್ಲದಿದ್ದರೆ ಇಲ್ಲೇ ಗೊತ್ತಾಗುತ್ತದೆ.

ಆಲ್ಬರ್ಸ್ ಅವರ ಹೆಸರು ಬಂದದ್ದರಿಂದ, ದೂಡುವ ಬಣ್ಣವನ್ನೇ ಮುಂದುವರಿಸಬೇಕು ಎನ್ನುವವರಿಗೆ ಅವರ ಅಳತೆಯನ್ನೂ ಹೇಳಿಬಿಡಬಹುದು. 1950ರಲ್ಲಿ, 62ನೇ ವಯಸ್ಸಿನಲ್ಲಿ, ಅವರು ಚೌಕದೊಳಗೆ ಚೌಕ ಇಡುವ ಸರಣಿ ಶುರುಮಾಡಿ 1976ರಲ್ಲಿ ತೀರಿಕೊಳ್ಳುವವರೆಗೂ ಅದನ್ನೇ ಮಾಡಿದರು. ಮೇಸನೈಟ್ ಎಂಬ ಒತ್ತಿದ ಮರದ ನಾರಿನ ಹಲಗೆ, ಬಿಳಿ ತಳ, ಟ್ಯೂಬಿನಿಂದ ನೇರವಾಗಿ ಚಾಕುವಿನಲ್ಲಿ ಹಚ್ಚಿದ ಬಣ್ಣ, ನಡುವಿನಿಂದ ಹೊರಕ್ಕೆ. ಬಳಸಿದ ಬಣ್ಣಗಳ ಹೆಸರನ್ನು ಹಲಗೆಯ ಹಿಂದೆ ಬರೆದಿಡುತ್ತಿದ್ದರು. 40 ಸೆಂಮೀ ಹಲಗೆಯಲ್ಲಿ ಅವರ ನಾಲ್ಕು ಚೌಕದ ವಿನ್ಯಾಸಕ್ಕೆ ಚೌಕಗಳು 40, 32, 24, 16 ಸೆಂಮೀ. ಹೊರ ಅಂಚಿನಿಂದ ಒಳಚೌಕಗಳಿಗೆ ಕೆಳಗೆ ಬಿಡುವ ಜಾಗ 2, 4, 6 ಸೆಂಮೀ, ಪಕ್ಕಗಳಲ್ಲಿ 4, 8, 12, ಮೇಲೆ 6, 12, 18. ಕೆಳಗೆ ಒಂದು ಪಾಲು, ಪಕ್ಕಕ್ಕೆ ಎರಡು, ಮೇಲೆ ಮೂರು. ಎಲ್ಲ ಕಡೆ ಸಮನಾಗಿ ಬಿಟ್ಟರೆ ಚೌಕಗಳು ಗುರಿಹಲಗೆಯಂತೆ ಸತ್ತು ಕೂರುತ್ತವೆ. ಹೀಗೆ ಕೆಳಕ್ಕೆ ಇಳಿಸಿದಾಗ ಅವು ಹಿಂದೆ ಮುಂದೆ ಸರಿಯತೊಡಗುತ್ತವೆ.

ಪಟ್ಟೆ ಚಿತ್ರಕ್ಕೆ ಬೇಕಾಗುವ ಸಾಮಾನು

ಹಲಗೆ: 9 ಮಿಮೀ ದಪ್ಪದ ಎಂಡಿಎಫ್, 72 ಸೆಂಮೀ ಅಗಲ, 48 ಸೆಂಮೀ ಎತ್ತರ. ಪ್ಲೈವುಡ್ ಅಂಗಡಿಯಲ್ಲೇ ಮೆಷಿನ್ನಿನಲ್ಲಿ ಕತ್ತರಿಸಿಕೊಡಲು ಹೇಳಿ, ಮೂಲೆಗಳು ನೇರವಾಗಿರಬೇಕು. ಎರಡೂ ಕರ್ಣಗಳನ್ನು ಅಳೆದು ನೋಡಿ. ಸಮವಾಗಿದ್ದರೆ ಮೂಲೆ ಸರಿ. ಕ್ಯಾನ್ವಾಸ್ ಬೇಡ. ಅದರ ನೇಯ್ಗೆಯ ತಗ್ಗುಗಳಲ್ಲಿ ಟೇಪಿನಡಿ ಬಣ್ಣ ನುಗ್ಗುತ್ತದೆ, 6 ಮಿಮೀ ಪಟ್ಟೆಗೆ ಅದು ತಡೆಯುವುದಿಲ್ಲ.

ಟೇಪು: 6 ಮಿಮೀ ಅಗಲದ್ದು. ಕಾರಿಗೆ ಬಣ್ಣ ಹೊಡೆಯುವವರು ಬಳಸುವ, ಅಂಚು ನುಣುಪಾದ ಪ್ಲಾಸ್ಟಿಕ್ ಫೈನ್‌ಲೈನ್ ಟೇಪು ಸಿಕ್ಕರೆ ಅದೇ ಸೈ. ಸಾಮಾನ್ಯ ಕಾಗದದ ಮಾಸ್ಕಿಂಗ್ ಟೇಪಿನ ಅಂಚು ಒರಟು. 20 ಮೀಟರಿನ ಸುರುಳಿಯಾದರೆ ಮೂರು ಬೇಕು. ಇದರ ಜೊತೆಗೆ 24 ಮಿಮೀ ಸಾದಾ ಟೇಪು ಒಂದು.

ಬಣ್ಣ: ಎಲ್ಲವೂ ಅಕ್ರಿಲಿಕ್, ಎಲ್ಲವೂ ಒಂದೇ ಕಂಪನಿಯದು. ಹಳದಿ 120 ಮಿಲೀ, ಅಲ್ಟ್ರಾಮರೀನ್ ನೀಲಿ 45 ಮಿಲೀ, ನ್ಯಾಫ್ಥಾಲ್ ಕೆಂಪು ಅಥವಾ ಅದಕ್ಕೆ ಹತ್ತಿರದ ಶುದ್ಧ ಕೆಂಪು 40 ಮಿಲೀ, ಟೈಟೇನಿಯಂ ಬಿಳಿ 50 ಮಿಲೀ, ಜೆಸ್ಸೊ (ಬಣ್ಣಕ್ಕೆ ಮೊದಲು ಹಚ್ಚುವ ಬಿಳಿ ತಳ) 200 ಮಿಲೀ, ಮ್ಯಾಟ್ ಮೀಡಿಯಂ 50 ಮಿಲೀ. ಹಳದಿ ನಿಂಬೆಯತ್ತಲೂ ವಾಲಬಾರದು, ಕಿತ್ತಳೆಯತ್ತಲೂ ವಾಲಬಾರದು. ಕೆಂಪಿನಲ್ಲೂ ಅದೇ ಎಚ್ಚರ ಬೇಕು: ಸ್ಕಾರ್ಲೆಟ್ ಮೊದಲೇ ಅರ್ಧ ಕಿತ್ತಳೆ, ಕ್ರಿಮ್ಸನ್ ಮೊದಲೇ ಅರ್ಧ ನೇರಳೆ. ಎರಡರ ನಡುವೆ ಇದ್ದರೆ ಮಾತ್ರ ಅದು ಎರಡೂ ಕಡೆಗೆ ಜಾರುತ್ತದೆ.

320 ನಂಬರಿನ ಉಪ್ಪುಕಾಗದ, ಸಣ್ಣ ಸ್ಪಂಜ್ ರೋಲರ್, 1 ಇಂಚಿನ ಮೆತ್ತನೆ ಚಪ್ಪಟೆ ಬ್ರಶ್, 1 ಮೀಟರಿನ ಸ್ಟೀಲ್ ಸ್ಕೇಲು, ಗಟ್ಟಿ ಮೊನೆಯ ಪೆನ್ಸಿಲ್ಲು. ಉಳಿದದ್ದು ಮನೆಯಲ್ಲೇ ಇರುತ್ತದೆ.

ತಳ ಮತ್ತು ಹಳದಿ

ಹಲಗೆಯ ಮುಂಭಾಗಕ್ಕೆ ಜೆಸ್ಸೊ ಮೂರು ಕೋಟು, ಹಿಂಭಾಗಕ್ಕೂ ನಾಲ್ಕು ಅಂಚುಗಳಿಗೂ ಒಂದು ಕೋಟು. ಹಿಂಭಾಗಕ್ಕೆ ಯಾಕೆ ಎಂದು ಬಿಡುವವರೇ ಹೆಚ್ಚು. ಬಿಟ್ಟರೆ ಆ ಕಡೆಯಿಂದ ಮಾತ್ರ ತೇವ ಹೀರಿ ಹಲಗೆ ಮಳೆಗಾಲದಲ್ಲಿ ಬಿಲ್ಲಿನಂತೆ ಬಾಗುತ್ತದೆ. ಪ್ರತಿ ಕೋಟು ಒಣಗಿದ ಮೇಲೆ ಉಪ್ಪುಕಾಗದದಿಂದ ಹಗುರವಾಗಿ ಉಜ್ಜಿ, ಒದ್ದೆ ಬಟ್ಟೆಯಿಂದ ಪುಡಿಯನ್ನು ಪೂರ್ತಿ ಒರೆಸಿ. ಪುಡಿ ಉಳಿದರೆ ಮುಂದೆ ಟೇಪು ತೆಗೆಯುವಾಗ ಹಳದಿಯೇ ಕಿತ್ತು ಬರುತ್ತದೆ.

ಹಳದಿಯನ್ನು ಇಡೀ ಹಲಗೆಗೆ ರೋಲರಿನಲ್ಲಿ ಮೂರು ಕೋಟು ಹಚ್ಚಿ. ಹಳದಿಗೆ ಮುಚ್ಚುವ ಶಕ್ತಿ ಕಡಿಮೆ, ಎರಡರಲ್ಲಿ ತಳ ಇಣುಕುತ್ತದೆ. ನೀರು ಬೆರೆಸುವುದಾದರೆ ಹತ್ತು ಪಾಲು ಬಣ್ಣಕ್ಕೆ ಒಂದು ಪಾಲಿಗಿಂತ ಹೆಚ್ಚು ಬೇಡ. ಆಮೇಲೆ ಇಡೀ ಒಂದು ದಿನ ಬಿಡಿ, ಮಳೆಗಾಲವಾದರೆ ಎರಡು ದಿನ. ಕೈಗೆ ಅಂಟದ ಮಾತ್ರಕ್ಕೆ ಅಕ್ರಿಲಿಕ್ ಒಳಗೆಲ್ಲ ಒಣಗಿದೆ ಎಂದಲ್ಲ.

ಅಳತೆ

48 ಸೆಂಮೀ ಎತ್ತರಕ್ಕೆ 6 ಮಿಮೀ ಪಟ್ಟೆ 80. ಮೇಲಿನಿಂದ ಎಣಿಸಿದರೆ ಬೆಸ ಸಂಖ್ಯೆಯವು ಹಳದಿ, ಸರಿ ಸಂಖ್ಯೆಯವು ನೀಲಿ. ಕೆಂಪು ಚೌಕಗಳೆರಡೂ 24 ಸೆಂಮೀನವು. ಎಡದ್ದು ಎಡ ಅಂಚಿನಿಂದ 8ರಿಂದ 32 ಸೆಂಮೀವರೆಗೆ, ಬಲದ್ದು 40ರಿಂದ 64 ಸೆಂಮೀವರೆಗೆ. ಮೇಲಿನಿಂದ 12 ಸೆಂಮೀ ಬಿಟ್ಟರೆ ಚೌಕಗಳು 21ನೇ ಪಟ್ಟೆಯಿಂದ 60ನೇ ಪಟ್ಟೆಯವರೆಗೆ ಬರುತ್ತವೆ. ಎಡ ಚೌಕದಲ್ಲಿ ಕೆಂಪು ಬರುವುದು ನೀಲಿಯ ಜಾಗದಲ್ಲಿ, ಅಂದರೆ 22, 24, ಹೀಗೆ 60ರವರೆಗೆ. ಬಲ ಚೌಕದಲ್ಲಿ ಹಳದಿಯ ಜಾಗದಲ್ಲಿ, ಅಂದರೆ 21, 23, ಹೀಗೆ 59ರವರೆಗೆ. ಎರಡರಲ್ಲೂ ಇಪ್ಪತ್ತಿಪ್ಪತ್ತೇ ಕೆಂಪು ಪಟ್ಟೆ. ಎರಡು ಚೌಕಗಳು ಮೇಲೆ ಕೆಳಗೆ ಒಂದು ಪಟ್ಟೆಯಷ್ಟು ಹೆಚ್ಚುಕಡಿಮೆಯಾಗುತ್ತವೆ, ದೂರದಿಂದ ಅದು ಕಣ್ಣಿಗೆ ಬೀಳುವುದಿಲ್ಲ.

ಎಡ ಮತ್ತು ಬಲ ಅಂಚುಗಳಲ್ಲಿ 6 ಮಿಮೀಗೊಂದು ಗುರುತು ಹಾಕಿ. ಸ್ಕೇಲಿನ ಸೊನ್ನೆಯನ್ನು ಒಮ್ಮೆ ಮೇಲಂಚಿಗೆ ಇಟ್ಟ ಮೇಲೆ ಕೊನೆಯವರೆಗೂ ಅಲುಗಿಸಬೇಡಿ. ಸ್ಕೇಲನ್ನು ಸರಿಸಿ ಸರಿಸಿ ಗುರುತು ಹಾಕಿದರೆ ಪ್ರತಿ ಸಲದ ಕೂದಲೆಳೆ ತಪ್ಪು ಸೇರಿಕೊಂಡು 80ನೇ ಪಟ್ಟೆ ಹಲಗೆಯಿಂದ ಹೊರಗೇ ಬೀಳಬಹುದು. ಟೇಪಿನ ಅಗಲವನ್ನೂ ನಂಬಬೇಡಿ. 6 ಮಿಮೀ ಎಂದು ಬರೆದದ್ದು 6.1 ಇದ್ದರೆ 80 ಪಟ್ಟೆಗೆ 8 ಮಿಮೀ ಹೆಚ್ಚಾಯಿತು. ಅದಕ್ಕೇ ಪ್ರತಿ 6 ಸೆಂಮೀಗೆ ಪೆನ್ಸಿಲ್ಲಿನಲ್ಲಿ ತೆಳುವಾದ ಗೆರೆ ಎಳೆದುಕೊಂಡು, ಹತ್ತು ಪಟ್ಟೆಗೊಮ್ಮೆ ಲೆಕ್ಕ ಸರಿಮಾಡಿಕೊಳ್ಳಬೇಕು.

ನೀಲಿ

ಅಲ್ಟ್ರಾಮರೀನ್ ಹಾಗೇ ಹಚ್ಚಿದರೆ ಹೆಚ್ಚುಕಡಿಮೆ ಕಪ್ಪು. ಮೂರು ಪಾಲು ನೀಲಿಗೆ ಒಂದು ಪಾಲು ಬಿಳಿ, ಅಂದರೆ 45ಕ್ಕೆ 15 ಮಿಲೀ. ಒಣಗಿದ ಮೇಲೆ ಅಕ್ರಿಲಿಕ್ ಒಂದು ತೂಕ ಗಾಢವಾಗುತ್ತದೆ, ಏಕೆಂದರೆ ಹಸಿಯಿದ್ದಾಗ ಹಾಲಿನಂತಿರುವ ಅಂಟು ಒಣಗಿದಾಗ ಪಾರದರ್ಶಕವಾಗುತ್ತದೆ. ಕಾಗದದ ಚೂರಿಗೆ ಹಚ್ಚಿ, ಹೇರ್ ಡ್ರೈಯರಿನಲ್ಲಿ ಒಣಗಿಸಿ ನೋಡಿಯೇ ಒಪ್ಪಿಕೊಳ್ಳಿ.

ಬೆಸ ಸಂಖ್ಯೆಯ 40 ಪಟ್ಟೆಗಳ ಮೇಲೆ ಟೇಪು ಎಳೆಯಿರಿ, ಎರಡೂ ಕಡೆ 4 ಸೆಂಮೀ ಹೊರಗೆ ಚಾಚಿರಲಿ. ಟೇಪನ್ನು ಜಗ್ಗಬೇಡಿ; ಜಗ್ಗಿದ ಟೇಪು ಕಿರಿದಾಗುತ್ತದೆ, ಸ್ವಲ್ಪ ಹೊತ್ತಿಗೆ ಕುಗ್ಗಿ ತುದಿ ಎದ್ದೇಳುತ್ತದೆ. ಹೊರಚಾಚಿದ ತುದಿಯ ಮೇಲೆ ಪಟ್ಟೆಯ ಸಂಖ್ಯೆ ಬರೆಯಿರಿ. ನಡುವಿನ ಸಂದು ಸರಿಯಿದೆಯೇ ಎಂದು ನೋಡಲು ಅದೇ ಟೇಪಿನ ಒಂದು ತುಂಡನ್ನು ಸಂದಿಗೆ ಹಿಡಿದರೆ ಸಾಕು. ಅಂಚಿಗೆ ಅಂಚು ಕೂರಬೇಕು. ಆಮೇಲೆ ಚಮಚದ ಬೆನ್ನಿನಿಂದ ಟೇಪಿನ ಅಂಚುಗಳನ್ನಷ್ಟೇ ಗಟ್ಟಿಯಾಗಿ ಒತ್ತಿಕೊಂಡು ಹೋಗಿ.

ಮುಂದಿನದು ಈ ಕೆಲಸದ ಗುಟ್ಟು. ನೀಲಿ ಹಚ್ಚುವ ಮೊದಲು ಸಂದುಗಳಿಗೆಲ್ಲ ತೆಳುವಾಗಿ ಹಳದಿಯನ್ನೇ ಇನ್ನೊಮ್ಮೆ ಹಚ್ಚಬೇಕು. ಟೇಪಿನಡಿ ನುಗ್ಗುವುದಿದ್ದರೆ ಮೊದಲು ಹಳದಿ ನುಗ್ಗಲಿ. ಹಳದಿಯ ಮೇಲೆ ಹಳದಿ ಯಾರಿಗೂ ಕಾಣುವುದಿಲ್ಲ, ಅದು ಒಣಗಿ ಕಿಂಡಿ ಮುಚ್ಚಿದ ಮೇಲೆ ನೀಲಿಗೆ ದಾರಿಯಿಲ್ಲ. ಅರ್ಧ ಗಂಟೆ ಬಿಟ್ಟು ನೀಲಿಯ ಮೊದಲ ಕೋಟು, ಮುಕ್ಕಾಲು ಗಂಟೆ ಬಿಟ್ಟು ಎರಡನೆಯದು. ಬ್ರಶ್ ಪಟ್ಟೆಯ ಉದ್ದಕ್ಕೇ ಹೋಗಬೇಕು, ಅಡ್ಡಕ್ಕೆ ಎಳೆದರೆ ಟೇಪಿನ ಅಂಚಿನಲ್ಲಿ ಬಣ್ಣ ಗುಡ್ಡೆಯಾಗುತ್ತದೆ.

ಎರಡನೇ ಕೋಟಿನ ನಂತರ 15–20 ನಿಮಿಷಕ್ಕೆ, ಬಣ್ಣ ಹಸಿಯೂ ಅಲ್ಲದೆ ಪೂರ್ತಿ ಗಟ್ಟಿಯೂ ಆಗದೆ ತೊಗಲಿನಂತಿರುವಾಗ, ಟೇಪು ತೆಗೆಯಿರಿ. ಮೇಲಕ್ಕೆ ಎತ್ತಬೇಡಿ. ಟೇಪನ್ನು ಅದರ ಬೆನ್ನ ಮೇಲೇ ಮಡಿಸಿದಂತೆ ಹಿಂದಕ್ಕೆ ಎಳೆಯುತ್ತಾ ಹೋಗಿ, ನಿಧಾನವಾಗಿ. ಮರುದಿನ ತೆಗೆದರೆ ನೀಲಿ ಹೊದಿಕೆ ಹರಿದು ಅಂಚಿನಲ್ಲಿ ಹಲ್ಲು ಹಲ್ಲಾಗುತ್ತದೆ.

ಕೆಂಪು

ಇಡೀ ಚಿತ್ರಕ್ಕೆ ಬೇಕಾದ ಕೆಂಪನ್ನು ಒಂದೇ ಸಲ ಕಲಸಿ: 36 ಮಿಲೀ ಕೆಂಪು, 4 ಮಿಲೀ ಬಿಳಿ. ಮುಚ್ಚಳವಿರುವ ಡಬ್ಬಿಯಲ್ಲಿಡಿ. ಅರ್ಧದಲ್ಲಿ ಮುಗಿದು ಇನ್ನೊಮ್ಮೆ ಕಲಸಿದರೆ ಅದು ಅದೇ ಕೆಂಪಾಗುವುದಿಲ್ಲ, ಆಮೇಲೆ ಕಣ್ಕಟ್ಟು ಎಂದು ಹೇಳಿಕೊಳ್ಳುವ ಹಕ್ಕೂ ಇರುವುದಿಲ್ಲ. ಕೆಂಪಿನ ಟೋನ್ ಹಳದಿಗೂ ನೀಲಿಗೂ ನಡುವೆ ಬರಬೇಕು. ಮೂರರ ಚೂರುಗಳನ್ನು ಪಕ್ಕಪಕ್ಕ ಇಟ್ಟು ಕಣ್ಣು ಕಿರಿದು ಮಾಡಿ ನೋಡಿ. ಬಣ್ಣ ಮಾಸಿ ತಿಳಿ, ನಡು, ಗಾಢ ಎಂದು ಮೂರು ಮೆಟ್ಟಿಲು ಕಂಡರೆ ಸರಿ. ಫೋನಿನ ಕಪ್ಪು-ಬಿಳುಪು ಫೋಟೊವನ್ನು ಪೂರ್ತಿ ನೆಚ್ಚಬೇಡಿ, ಕೆಂಪನ್ನು ಬೂದಾಗಿಸುವಲ್ಲಿ ಒಂದೊಂದು ಫೋನು ಒಂದೊಂದು ಬಗೆ.

ನೀಲಿ ಹಚ್ಚಿ ಒಂದು ದಿನ ಕಳೆದ ಮೇಲೆ ಎಡ ಚೌಕದಲ್ಲಿ 21ರಿಂದ 61ರವರೆಗಿನ ಹಳದಿ ಪಟ್ಟೆಗಳಿಗೆ ಟೇಪು ಹಾಕಿ, ಇದಕ್ಕೆ 28 ಸೆಂಮೀ ಉದ್ದದ 21 ತುಂಡು ಬೇಕು. ಬಲ ಚೌಕದಲ್ಲಿ 20ರಿಂದ 60ರವರೆಗಿನ ನೀಲಿ ಪಟ್ಟೆಗಳಿಗೆ, ಅಲ್ಲೂ 21 ತುಂಡು. ಕೆಂಪು ಇಪ್ಪತ್ತಾದರೂ ಕಾವಲು ಇಪ್ಪತ್ತೊಂದು ಎಂಬುದನ್ನು ಮರೆತು ಕೊನೆಯ ಪಟ್ಟೆಯನ್ನು ಹಾಳುಮಾಡಿಕೊಳ್ಳುವುದು ಸುಲಭ. ಚೌಕಗಳ ಎಡಬಲ ಗಡಿಗೆ, ಗೆರೆಯ ಹೊರಗೆ, 24 ಮಿಮೀ ಟೇಪನ್ನು ಲಂಬವಾಗಿ ಹಾಕಿ.

ಈ ಸಲ ಕಿಂಡಿ ಮುಚ್ಚಲು ಹಳದಿಯಾಗಲಿ ನೀಲಿಯಾಗಲಿ ಆಗದು. ಲಂಬ ಟೇಪು ಎರಡೂ ಬಣ್ಣಗಳ ಮೇಲೆ ಹಾದುಹೋಗಿದೆಯಲ್ಲ. ಬಣ್ಣವಿಲ್ಲದ ಮ್ಯಾಟ್ ಮೀಡಿಯಂ ತೆಳುವಾಗಿ ಹಚ್ಚಿ ಒಣಗಿಸಿ. ಅದರ ಮೇಲೆ ಟೈಟೇನಿಯಂ ಬಿಳಿ ಎರಡು ಕೋಟು, ಎರಡೂ ಚೌಕಕ್ಕೆ. ಈ ಬಿಳಿಯನ್ನು ಯಾವ ಕಾರಣಕ್ಕೂ ಬಿಡಬೇಡಿ. ಎಡದಲ್ಲಿ ಕೆಂಪಿನ ಕೆಳಗಿರುವುದು ನೀಲಿ, ಬಲದಲ್ಲಿ ಹಳದಿ. ಕೆಂಪು ಒಂದಿಷ್ಟು ಪಾರದರ್ಶಕವಾಗಿದ್ದರೂ ಎಡದ್ದು ನಿಜವಾಗಿಯೇ ಮಂಕಾಗುತ್ತದೆ, ಬಲದ್ದು ನಿಜವಾಗಿಯೇ ಉಜ್ವಲವಾಗುತ್ತದೆ. ಅದು ನಮಗೆ ಬೇಕಾದ ಭ್ರಮೆಗೆ ಸರಿಯಾಗಿ ವಿರುದ್ಧ ದಿಕ್ಕು. ಬಿಳಿ ಒಣಗಿದ ಮೇಲೆ ಕೆಂಪು ಎರಡು ಕೋಟು. ಎರಡೂ ಚೌಕಕ್ಕೆ ಒಂದೇ ಸರದಿಯಲ್ಲಿ, ಒಂದೇ ಬ್ರಶ್ಶಿನಲ್ಲಿ ಹಚ್ಚಿ, ಮೊದಲಿನಂತೆಯೇ ಟೇಪು ತೆಗೆಯಿರಿ.

ಉಳಿದ ಕೆಂಪನ್ನು ಚೆಲ್ಲಬೇಡಿ. ಹಲಗೆಯ ನಾಲ್ಕು ಪಕ್ಕದ ಅಂಚುಗಳಿಗೆ ಅದನ್ನೇ ಹಚ್ಚಿ, ಒಂದು ಕಾರ್ಡಿಗೂ ಹಚ್ಚಿಟ್ಟುಕೊಳ್ಳಿ. ನಂಬದವರು ಬಂದೇ ಬರುತ್ತಾರೆ. ಕಾರ್ಡನ್ನು 5 ಮಿಮೀ ಪಟ್ಟಿಯಾಗಿ ಕತ್ತರಿಸಿ ಎಡ ಚೌಕದ ಕೆಂಪಿನ ಮೇಲೊಮ್ಮೆ, ಬಲ ಚೌಕದ ಕೆಂಪಿನ ಮೇಲೊಮ್ಮೆ ಇಟ್ಟು ತೋರಿಸಿದರೆ ವಾದ ಮುಗಿಯುತ್ತದೆ.

ಕೆಟ್ಟರೆ ಎಲ್ಲಿ ಕೆಡುತ್ತದೆ

ಹತ್ತಿರದಿಂದಲೂ ಎರಡು ಕೆಂಪು ಬೇರೆಯಾಗಿಯೇ ಕಂಡರೆ ತಪ್ಪು ಬಿಳಿ ತಳದ್ದು. ದೂರದಿಂದಲೂ ಒಂದೇ ಆಗಿ ಕಂಡರೆ ಕೆಂಪು ತೀರಾ ಗಾಢವಾಗಿದೆ. ನೀಲಿಗೆ ಅಂಟಿಕೊಂಡು ಬಲ ಚೌಕವೇ ಮಾಯವಾಗಿರುತ್ತದೆ. ಅಂಚು ಅಲೆಅಲೆಯಾಗಿದ್ದರೆ ಟೇಪು ಒತ್ತಿದ್ದು ಸಾಲದು ಅಥವಾ ಬಣ್ಣಕ್ಕೆ ನೀರು ಹೆಚ್ಚಾಯಿತು. ಸಣ್ಣ ಅಲೆ ಎಂದು ಬಿಡುವಂತಿಲ್ಲ, 6 ಮಿಮೀ ಪಟ್ಟೆಯಲ್ಲಿ 1 ಮಿಮೀ ತಪ್ಪೆಂದರೆ ಆರನೇ ಒಂದು ಪಾಲು, ಕಣ್ಣು ಮೊದಲು ಹೋಗಿ ನಿಲ್ಲುವುದು ಅಲ್ಲೇ. ಸ್ಟೀಲ್ ಸ್ಕೇಲು ಇಟ್ಟು ಹೊಸ ಬ್ಲೇಡಿನಿಂದ ಹೆರೆದು, ತೆಳು ಬ್ರಶ್ಶಿನಲ್ಲಿ ತಿದ್ದಬಹುದು.

ಟೇಪಿನ ಜೊತೆ ಬಣ್ಣ ಕಿತ್ತು ಬಂದರೆ ಉಳಿದ ಟೇಪು ಹಾಕುವ ಮೊದಲು ಅದನ್ನು ಬಟ್ಟೆಗೆ ಒಂದೆರಡು ಸಲ ಅಂಟಿಸಿ ಎಳೆದು ಅದರ ಹಿಡಿತ ತಗ್ಗಿಸಿ. ಬೆರಳಾಡಿಸಿದರೆ ಏಣು ಏಣಾಗಿ ಸಿಗುವಷ್ಟು ದಪ್ಪ ಬಣ್ಣವೂ ದೋಷವೇ. ಪಕ್ಕದಿಂದ ಬೆಳಕು ಬಿದ್ದಾಗ ಒಂದೊಂದು ಏಣೂ ಒಂದೊಂದು ನೆರಳು ಗೆರೆಯಾಗಿ, ಮೂರು ಬಣ್ಣದ ಚಿತ್ರದಲ್ಲಿ ಬೇಡದ ನಾಲ್ಕನೆಯದೊಂದು ಬಂದು ಸೇರುತ್ತದೆ. ವಾರ್ನಿಷ್ ಹಾಕುವುದಾದರೆ ಮ್ಯಾಟ್ ಮಾತ್ರ. ಹೊಳೆಯುವ ವಾರ್ನಿಷ್ ಮೇಲೆ ಟ್ಯೂಬ್‌ಲೈಟ್ ಪ್ರತಿಬಿಂಬ ಬಿದ್ದರೆ ಅಷ್ಟು ಜಾಗದ ಭ್ರಮೆ ಅಲ್ಲಿಗೆ ಮುಗಿಯಿತು.

ಪಟ್ಟೆಯ ಅಗಲ ಬದಲಿಸಿದರೆ

ಬಣ್ಣ ಬಿಟ್ಟು ಬರೀ ಅಗಲದಿಂದ ಏನೆಲ್ಲ ಸಾಧ್ಯ ಎಂಬುದಕ್ಕೆ ಬ್ರಿಟನ್ನಿನ ಚಿತ್ರಕಾರ್ತಿ ಬ್ರಿಜೆಟ್ ರೈಲಿ ಅವರ 1961ರ 'ಮೂವ್‌ಮೆಂಟ್ ಇನ್ ಸ್ಕ್ವೇರ್ಸ್' ನೋಡಬೇಕು. ಕಪ್ಪು-ಬಿಳಿ ಚದುರಂಗದ ಮನೆಗಳ ಎತ್ತರ ಅಷ್ಟೇ ಇದ್ದು ಅಗಲ ಮಾತ್ರ ಕುಗ್ಗುತ್ತಾ ಹೋಗಿ ಹಲಗೆ ಒಳಕ್ಕೆ ಮಡಿಚಿಕೊಂಡಂತೆ ಕಾಣುತ್ತದೆ. ಅದಕ್ಕೂ ಮೊದಲು, 1959ರಲ್ಲಿ, ಚುಕ್ಕೆ ಚುಕ್ಕೆಯಾಗಿ ಬಣ್ಣವಿಡುತ್ತಿದ್ದ ಫ್ರೆಂಚ್ ಚಿತ್ರಕಾರ ಜಾರ್ಜ್ ಸರಾ ಅವರ ಚಿತ್ರವೊಂದನ್ನು ನಕಲು ಮಾಡಿ ಅವರು ಬಣ್ಣದ ವರ್ತನೆ ಕಲಿತಿದ್ದರು. ಆದರೂ ಬಣ್ಣದ ಪಟ್ಟೆಗೆ ಬಂದದ್ದು 1967ರಲ್ಲಿ. ಕಪ್ಪು-ಬಿಳುಪಿನಲ್ಲಿ ಅಳತೆ ಪಳಗಿದ ಮೇಲೆ ಬಣ್ಣ ಎಂಬ ಈ ಕ್ರಮ ಹೊಸಬರಿಗೂ ಒಳ್ಳೆಯದು.

ಅಂಥದ್ದೊಂದನ್ನು ಪ್ರಯತ್ನಿಸಲು ಮನೆಗಳ ಎತ್ತರ 40 ಮಿಮೀ ಇಟ್ಟುಕೊಂಡು ಅಗಲಗಳನ್ನು 40, 39, 35, 28, 20, 10, 3 ಮಿಮೀ ಎಂದು ಇಳಿಸಿ, ಅದೇ ಕ್ರಮದಲ್ಲಿ ತಿರುಗಿ ಏರಿಸಿ. ಇವು ಮನಸ್ಸಿಗೆ ಬಂದ ಅಂಕಿಗಳಲ್ಲ. ಕಂಬದ ಮೇಲೆ ಬರೆದ ಸಮ ಅಗಲದ ಪಟ್ಟೆಗಳು ಕಂಬ ಬಾಗಿದತ್ತ ಹೋದಂತೆ ಕಿರಿದಾಗಿ ಕಾಣುವ ಲೆಕ್ಕವನ್ನೇ, ಅಂದರೆ ಕೋನದ ಕೊಸೈನನ್ನೇ, ಇಳಿಸಿಕೊಂಡದ್ದು. ಸಮನಾಗಿ 40, 34, 28, 22 ಎಂದು ಇಳಿಸಿದರೆ ಮಡಿಕೆ ಮೂಡುವುದಿಲ್ಲ, ಬರೀ ಚಿಕ್ಕದಾದ ಮನೆಗಳು ಕಾಣುತ್ತವೆ. ಮೊದಲು ಹೆಚ್ಚುಕಡಿಮೆ ಇಳಿಯದಂತಿದ್ದು, ಕೊನೆಗೆ ಧುಮುಕಬೇಕು.

ಅಂಚು ನಡುಗುವಂತೆ ಮಾಡುವುದು ಇನ್ನೊಂದು ದಾರಿ. ಕೆಂಪಿಗೆ ಬಿಳಿ ಬೆರೆಸಿದ ನೀಲಿ-ಹಸಿರನ್ನು ತಾಗಿಸಿ, ಎರಡರ ಟೋನ್ ಒಂದೇ ಆಗುವವರೆಗೆ ಬಿಳಿ ಹೆಚ್ಚುಕಡಿಮೆ ಮಾಡಿ. ಕಣ್ಣು ಗಡಿಯನ್ನು ಮುಖ್ಯವಾಗಿ ತಿಳಿ-ಗಾಢದ ವ್ಯತ್ಯಾಸದಿಂದ ಹಿಡಿಯುತ್ತದೆ. ಅದನ್ನು ತೆಗೆದುಬಿಟ್ಟರೆ ಗಡಿ ಎಲ್ಲೂ ನಿಲ್ಲದೆ ಮಿನುಗುತ್ತದೆ. ಆಲ್ಬರ್ಸ್ ಅವರ ಶಿಷ್ಯ ರಿಚರ್ಡ್ ಅನುಸ್ಕೀವಿಚ್ ಕೆಂಪು ನೆಲದ ಮೇಲಿನ ತೆಳು ಗೆರೆಗಳಲ್ಲಿ ಇದನ್ನು ಚೆನ್ನಾಗಿ ದುಡಿಸಿಕೊಂಡರು. ಟೋನ್ ಸ್ವಲ್ಪ ತಪ್ಪಿದರೂ ಮಿನುಗು ಆರಿಹೋಗುತ್ತದೆ. ಇವರೆಲ್ಲರನ್ನೂ ಒಟ್ಟಿಗೆ ತೋರಿಸಿದ ದೊಡ್ಡ ಪ್ರದರ್ಶನ 1965ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ನಡೆಯಿತು. ಅದರ ಬೆನ್ನಿಗೇ ಪಟ್ಟೆಗಳು ಬಟ್ಟೆ ಅಂಗಡಿಗಳಿಗೆ ನುಗ್ಗಿದವು, ರೈಲಿ ಅವರಿಗೆ ಅದು ಹಿಡಿಸಲಿಲ್ಲ.

ಎಲ್ಲಿ ತೂಗುಹಾಕಬೇಕು

ಎದುರಿಗೆ ಎರಡೂವರೆಯಿಂದ ನಾಲ್ಕು ಮೀಟರ್ ಖಾಲಿ ಜಾಗ ಇರುವ ಗೋಡೆ ಹುಡುಕಿ, ಉದ್ದನೆಯ ಪ್ಯಾಸೇಜಿನ ಕೊನೆ ಒಳ್ಳೆಯ ಜಾಗ. ಇನ್ನೂ ದೂರ ಹೋದಷ್ಟೂ ಭ್ರಮೆ ನಿಜವಾದ ಬೆರಕೆಯಾಗಿ ಮಾರ್ಪಡುತ್ತದೆ. ಚೆನ್ನಾಗಿ ಕಾಣುವ ಕಣ್ಣಿಗೆ 6 ಮಿಮೀ ಪಟ್ಟೆ ಪೂರ್ತಿ ಕರಗಲು ಸುಮಾರು 20 ಮೀಟರ್ ಬೇಕು, ಮನೆಯೊಳಗೆ ಆ ಚಿಂತೆಯಿಲ್ಲ. ಬ್ಲೌಸ್ ಪೀಸ್ ಮ್ಯಾಚಿಂಗ್ ನೋಡುವವರು ಅಂಗಡಿಯ ಹೊರಗೆ ಬಿಸಿಲಿಗೆ ಹಿಡಿದು ನೋಡುವಂತೆ ಚಿತ್ರವನ್ನೂ ಹಗಲು ಬೆಳಕಿನಲ್ಲೊಮ್ಮೆ, ಆ ಗೋಡೆಯ ದೀಪದಲ್ಲೊಮ್ಮೆ ನೋಡಿ. ಹಳದಿ ದೀಪದಡಿ ನೀಲಿ ಸೊರಗಿ ಬಲ ಚೌಕದ ನೇರಳೆ ಅರ್ಧಕ್ಕರ್ಧ ಇಳಿಯುತ್ತದೆ. ಬಿಳಿ ಎಲ್‌ಇಡಿ ಹಾಕುವುದಾದರೆ ಡಬ್ಬದ ಮೇಲೆ ಸಿಆರ್‌ಐ (ದೀಪ ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬ ಅಂಕ) 90 ಅಥವಾ ಹೆಚ್ಚು ಎಂದಿರಲಿ.

ವಾಟ್ಸಾಪಿನಲ್ಲಿ ಕಳಿಸಿದ ಫೋಟೊ ನೋಡಿ ಯಾರಾದರೂ ಮೆಚ್ಚಿದರೆ ಹಿಗ್ಗಬೇಡಿ. ಫೋಟೊ ಕುಗ್ಗಿಸುವಾಗ ಪಕ್ಕಪಕ್ಕದ ಬಣ್ಣಗಳನ್ನು ಅದು ನಿಜವಾಗಿಯೇ ಕಲಸಿಬಿಡುತ್ತದೆ, ಅಲ್ಲಿರುವ ಕಿತ್ತಳೆ ಅಸಲಿ ಕಿತ್ತಳೆ.

ಹಾಸಿಗೆಯ ಎದುರಿಗಾಗಲಿ ಓದುವ ಮೇಜಿನ ಎದುರಿಗಾಗಲಿ ಬೇಡ. ಒತ್ತೊತ್ತಾದ, ತಿಳಿ-ಗಾಢ ತೀವ್ರವಾದ ಪಟ್ಟೆಗಳನ್ನು ಬಹಳ ಹೊತ್ತು ನೋಡಿದರೆ ಕೆಲವರಿಗೆ ತಲೆನೋವು ಬರುತ್ತದೆ. ಮೈಗ್ರೇನ್ ಇರುವವರಿಗೆ, ಬೆಳಕಿನ ಮಿಣುಕಿಗೆ ಮೂರ್ಛೆ ಬರುವ ತೊಂದರೆ ಇರುವವರಿಗೆ ಇಂಥ ಪಟ್ಟೆ ನಿಜವಾಗಿ ತೊಂದರೆ ಕೊಡಬಲ್ಲದು. ಮನೆಯಲ್ಲಿ ಅಂಥವರಿದ್ದರೆ ಚಿತ್ರವನ್ನು ದಿನವೂ ಕಣ್ಣಿಗೆ ಬೀಳದ ಕೋಣೆಯಲ್ಲಿ ಹಾಕಿ. ಟೇಪು ಅಂಟಿಸುವ ಕೆಲಸದಲ್ಲೂ ಇಪ್ಪತ್ತು ನಿಮಿಷಕ್ಕೊಮ್ಮೆ ಎದ್ದು ಕಿಟಕಿಯಾಚೆ ಕಣ್ಣು ಹಾಯಿಸಿ ಬನ್ನಿ, ಇಲ್ಲದಿದ್ದರೆ 50ನೇ ಪಟ್ಟೆಯ ಹೊತ್ತಿಗೆ ಹಳದಿ ಯಾವುದು, ಸಂದು ಯಾವುದು ಎಂದೇ ತಿಳಿಯದಂತಾಗುತ್ತದೆ.